ಎರಡು ಎಂಜಿನ್ನು, ಒಬ್ಬ ಭಾವ

ಐವತ್ತು ದಾಟಿದ ಗಂಡಸರಿಗೆ ಬಗೆಬಗೆಯ ಹುಚ್ಚು. ಕೆಲವರು ಮ್ಯಾರಥಾನ್ ಓಡುತ್ತಾರೆ, ಕೆಲವರು ಸಿರಿಧಾನ್ಯಕ್ಕೆ ಶರಣಾಗುತ್ತಾರೆ. ಅಮೆರಿಕದಲ್ಲಿ ಹಲ್ಲಿನ ಡಾಕ್ಟರಾಗಿರುವ ನಮ್ಮ ಭಾವನಿಗೆ ಹಳೆಯ ವಿಮಾನದ ಹುಚ್ಚು. ತಪ್ಪೆಲ್ಲ ಅವರದೇ ಅನ್ನುವಂತಿಲ್ಲ, ಊರಿನದೂ ಇದೆ. ಅವರಿರುವುದು ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ. ಬೀಚ್‌ಕ್ರಾಫ್ಟ್, ಸೆಸ್ನಾ ಎಂಬ ವಿಮಾನ ಕಂಪನಿಗಳೆರಡೂ ಬೆಳೆದ ಊರು ಅದು. ಒಂದು ಎಂಜಿನ್ನಿನ ಪುಟ್ಟ ವಿಮಾನ ಹಾರಿಸುವ ಲೈಸೆನ್ಸು ಆಗಲೇ ಅವರ ಜೇಬಿನಲ್ಲಿತ್ತು. ಆದರೆ ಮಗಳು ಡೆನ್ವರ್‌ನಲ್ಲಿ ಕೆಲಸಕ್ಕೆ ಸೇರಿದ್ದೇ ತಡ, ಭಾವನಿಗೆ ಒಂದು ಎಂಜಿನ್ನಿನ ಮೇಲೆ ನಂಬಿಕೆ ಹೋಯಿತು.

"ನೋಡೋ, 70ರ ದಶಕದ ಕಿಂಗ್ ಏರ್ ಸಿ90. ಎರಡು ಟರ್ಬೊಪ್ರಾಪ್ ಎಂಜಿನ್, ಒಳಗೆ ಸೋಫಾದಂಥ ಸೀಟು. ಬೆಲೆ ನಮ್ಮನೆಗಿಂತ ಕಮ್ಮಿ!" ಎಂದು ಫೋನಿನಲ್ಲಿ ಕೂಗಿದರು.

"ಅಷ್ಟು ಅಗ್ಗ ಯಾಕಂತೆ ಭಾವ?" ಎಂದೆ.

ಉತ್ತರ ಕೊಟ್ಟದ್ದು ಅವರು ಕರೆದುಕೊಂಡು ಹೋಗಿದ್ದ ಮೆಕ್ಯಾನಿಕ್. ಈ ವಿಮಾನಕ್ಕಿರುವುದು ಪ್ರಾಟ್ ಅಂಡ್ ವಿಟ್ನಿ ಕೆನಡಾದ ಪಿಟಿ6 ಎಂಜಿನ್. ಅದರ ಸ್ವಭಾವವೇ ತಿರುಗುಮುರುಗು: ಗಾಳಿ ಹಿಂದಿನಿಂದ ಒಳಹೊಕ್ಕು, ಹೊಗೆ ಮುಂದೆ ಪ್ರೊಪೆಲ್ಲರಿನ ಹತ್ತಿರ ಹೊರಬೀಳುತ್ತದೆ. ಗಟ್ಟಿತನದಲ್ಲಿ ಹೆಸರುವಾಸಿ. ಆದರೂ ತಯಾರಕರ ಮಾತಿನಂತೆ 3,600 ಗಂಟೆ ಓಡಿದ ಮೇಲೆ ಓವರ್‌ಹಾಲ್ ಆಗಬೇಕು. ನಡುವೆ ಒಮ್ಮೆ ಬಿಚ್ಚಿ, ಬೆಂಕಿಯಲ್ಲಿ ಬೇಯುವ ಭಾಗಗಳನ್ನು ತಪಾಸಣೆ ಮಾಡಿಸಬೇಕು. ಓವರ್‌ಹಾಲಿನ ಖರ್ಚು ಒಂದು ಎಂಜಿನ್ನಿಗೇ ಎರಡು ಲಕ್ಷ ಡಾಲರ್ ದಾಟುತ್ತದೆ. ಭಾವ ಮೆಚ್ಚಿದ ಚೆಲುವೆಯ ಎರಡೂ ಎಂಜಿನ್ನುಗಳು ಆ ಗಡುವಿನ ಹೊಸ್ತಿಲಲ್ಲಿದ್ದವು. ವಿಮಾನಕ್ಕಿಂತ ರಿಪೇರಿಯೇ ದುಬಾರಿ.

"ಖಾಸಗಿ ಬಳಕೆಗೆ ಆ ಗಂಟೆಯ ಲೆಕ್ಕ ಕಡ್ಡಾಯ ಅಲ್ಲವಂತೆ," ಎಂದು ಭಾವ ಕಾನೂನು ತೆಗೆದರು. ನಿಜವೇ. ಆದರೆ ಮೆಕ್ಯಾನಿಕ್ ಇನ್ನೊಂದು ಬಾಂಬ್ ಹಾಕಿದ. ಬ್ಯಾಟರಿ ಸೊರಗಿದ್ದಾಗ ಸ್ಟಾರ್ಟ್ ಮಾಡಿದರೆ ಎಂಜಿನ್ ಸಾಕಷ್ಟು ವೇಗವಾಗಿ ತಿರುಗುವುದಿಲ್ಲ, ಒಳಗೆ ಗಾಳಿ ಸಾಲುವುದಿಲ್ಲ, ಶಾಖ ಏರುತ್ತದೆ. ಪೈಲಟ್ ತಕ್ಷಣ ಇಂಧನ ನಿಲ್ಲಿಸದಿದ್ದರೆ ಟರ್ಬೈನ್ ಸುಟ್ಟೇಹೋಗುತ್ತದೆ. ಕೆಲವೇ ಸೆಕೆಂಡಿನ ಆಟ. ಅಂದಿನಿಂದ ಭಾವ ತಮ್ಮ ಕಾರನ್ನೂ ಭಯಭಕ್ತಿಯಿಂದ ಸ್ಟಾರ್ಟ್ ಮಾಡುತ್ತಿದ್ದಾರೆ.

ಮುಂದಿನ ಅಡ್ಡಿ ವಿಮಾ ಕಂಪನಿಯದು. ತೂಕ 12,500 ಪೌಂಡಿನೊಳಗೆ ಇರುವುದರಿಂದ ಅಮೆರಿಕದ ಸರ್ಕಾರ ಈ ವಿಮಾನಕ್ಕೆಂದೇ ಪ್ರತ್ಯೇಕ ಟೈಪ್ ರೇಟಿಂಗ್ ಕೇಳುವುದಿಲ್ಲ. ಎರಡು ಎಂಜಿನ್ನಿನ ರೇಟಿಂಗು, ಎತ್ತರದ ಹಾರಾಟದ ತರಬೇತಿ ಇದ್ದರಾಯಿತು. ಸರ್ಕಾರ ಸುಮ್ಮನಿದ್ದರೂ ವಿಮೆಯವರು ಸುಮ್ಮನಿರುತ್ತಾರೆಯೇ? ವರ್ಷ ವರ್ಷ ಸಿಮ್ಯುಲೇಟರಿನಲ್ಲಿ ಕೂತು ಕಲಿಯಿರಿ, ಕೈ ಪಳಗುವವರೆಗೆ ಪಕ್ಕದಲ್ಲಿ ಅನುಭವಿ ಪೈಲಟ್ ಇರಲಿ ಎಂದರು. ಅಂದರೆ ಸ್ವಂತ ವಿಮಾನದಲ್ಲಿ ಹೋಗಲು ಸಂಬಳದ ಬೀಗರೊಬ್ಬರು!

ಕೊನೆಗೆ ಅಕ್ಕ ಕನ್ನಡಕ ಹಾಕಿಕೊಂಡು ಕೂತಳು. "ಗಂಟೆಗೆ ಎಷ್ಟು ಎಣ್ಣೆ ಕುಡಿಯತ್ತೆ?"

"ಸುಮಾರು ಮುನ್ನೂರು ಲೀಟರ್."

"ಡೆನ್ವರ್‌ಗೆ ಎಷ್ಟು ಹೊತ್ತು?"

"ಎರಡು ಗಂಟೆಯೊಳಗೆ."

"ಏರ್‌ಲೈನ್ಸ್‌ನಲ್ಲಿ ಹೋದರೆ?"

ಭಾವ ಉತ್ತರಿಸಲಿಲ್ಲ. ಐವತ್ತಡಿ ರೆಕ್ಕೆಗೆ ಹ್ಯಾಂಗರಿನ ಬಾಡಿಗೆ ಎಷ್ಟು ಎಂಬ ಪ್ರಶ್ನೆ ಇನ್ನೂ ಬಾಕಿಯಿತ್ತು.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರೆ ನಮ್ಮಲ್ಲಿ. ಹಳೆಯ ಟರ್ಬೊಪ್ರಾಪ್‌ನ ಲೆಕ್ಕ ಬೇರೆ: ಸತ್ತರೆ ಸಾವಿರ, ಬದುಕಿದ್ದರೆ ಸಾಲ. ಎಷ್ಟೋ ವಿಮಾನಗಳನ್ನು ಕೊಳ್ಳುವುದೇ ಬಿಚ್ಚಿ ಮಾರಲು. ಪ್ರೊಪೆಲ್ಲರ್, ಲ್ಯಾಂಡಿಂಗ್ ಗೇರ್, ಕಾಕ್‌ಪಿಟ್ಟಿನ ಉಪಕರಣ, ಎಲ್ಲಕ್ಕೂ ಗಿರಾಕಿ ಉಂಟು. ಭಾವ ಕಂಡಿದ್ದ ಚೆಲುವೆಯನ್ನೂ ಹಾಗೆಯೇ ಯಾರೋ ಒಯ್ದರು. ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ. ಎಲ್ಲಾದರೂ ಅಗ್ಗದ ಹಳೆಯ ವಿಮಾನ ಕಣ್ಣಿಗೆ ಬಿದ್ದರೆ ಮೊದಲು ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ಕೇಳಿ. ಆಮೇಲೆ ಲಾಗ್‌ಬುಕ್ಕುಗಳು ಮೊದಲ ಪುಟದಿಂದ ಪೂರ್ತಿ ಇವೆಯೇ ನೋಡಿ. ಕಡೆಗೆ ಬೆಲೆ ಕೇಳಿ. ಎಲ್ಲವೂ ಸರಿಯಿದ್ದರೆ ಧಾರಾಳವಾಗಿ ಕೊಳ್ಳಿ. ನಮ್ಮ ಭಾವನಿಗೆ ಮಾತ್ರ ದಯವಿಟ್ಟು ತಿಳಿಸಬೇಡಿ.