ಹೇಗೂ ಬಿಚ್ಚಿದ್ದೀವಲ್ಲ

ಫ್ರೀಮಾಂಟಿನ ಕನ್ನಡಿಗರ ನಡುವೆ ಅವರಿಗೆ ಪೋರ್ಶೆ ರಾಯರು ಎಂದೇ ಹೆಸರು. ಇಂಥವರೊಬ್ಬರು ಸನಿವೇಲ್‌ನಲ್ಲೂ ಇದ್ದಾರೆ, ಸ್ಯಾನ್ ಹೋಸೆಯಲ್ಲಿ ಹುಡುಕಿದರೆ ಇಬ್ಬರು ಸಿಕ್ಕಾರು. ಗುರುತು ಹಿಡಿಯುವುದು ಸುಲಭ. ಇಪ್ಪತ್ತು ದಾಟಿದ ಪೋರ್ಶೆ ಗರಾಜಿನ ನೆರಳಲ್ಲಿ ಮಲಗಿರುತ್ತದೆ, ದಿನವೂ ದುಡಿಯುವ ಟೊಯೊಟಾ ಸಿಯೆನ್ನಾ ಹೊರಗೆ ಬಿಸಿಲಲ್ಲಿ ನಿಂತಿರುತ್ತದೆ.

ರಾಯರದು 2001ರ 911. ಬಲ್ಲವರು 996 ಎನ್ನುವ ಪೀಳಿಗೆ. 1997ರಲ್ಲಿ ಇದು ಬಂದಾಗ ಹಳೇ 911 ಭಕ್ತರು ಮುಖ ತಿರುಗಿಸಿದ್ದರು. ಮೂರು ದಶಕ ಗಾಳಿಯಲ್ಲೇ ತಣಿಯುತ್ತಿದ್ದ ಎಂಜಿನ್ನಿಗೆ ನೀರು ಬಂತು. ದುಂಡು ಹೆಡ್‌ಲೈಟು ಹೋಗಿ, ಅಗ್ಗದ ಬಾಕ್ಸ್ಟರ್‌ಗೆ ಹಾಕಿದ್ದೇ ಇದಕ್ಕೂ ಬಂತು. ಅದನ್ನು ‘ಹುರಿದ ಮೊಟ್ಟೆ’ ಎಂದು ಆಡಿಕೊಂಡರು. ಆ ತಾತ್ಸಾರದಿಂದಲೇ ಬೆಲೆ ಇಳಿದು ರಾಯರ ಕೈಗೆಟುಕಿತು. ಅಂದು ಉಳಿಸಿದ ದುಡ್ಡನ್ನು ಇಂದಿಗೂ ಬಿಡಿಭಾಗಗಳ ಲೆಕ್ಕದಲ್ಲಿ ತೀರಿಸುತ್ತಿದ್ದಾರೆ.

ಅವರ ಜೊತೆ ಐದು ನಿಮಿಷ ನಿಂತರೆ ಐಎಂಎಸ್ ಬೇರಿಂಗಿನ ಮಾತು ಬಂದೇ ಬರುತ್ತದೆ. ಎಂಜಿನ್ನಿನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟನ್ನು ಒಂದು ಕೊನೆಯಲ್ಲಿ ಹಿಡಿದಿರುವ, ಅಂಗೈಯಲ್ಲಿ ಕೂರುವಷ್ಟು ಸಣ್ಣ ಬೇರಿಂಗ್. ಅದು ಕೈಕೊಟ್ಟರೆ ಟೈಮಿಂಗ್ ತಪ್ಪಿ, ವಾಲ್ವೂ ಪಿಸ್ಟನ್ನೂ ಬಡಿದಾಡಿಕೊಂಡು ಇಡೀ ಎಂಜಿನ್ ಗುಜರಿ. ಎಲ್ಲ ಕಾರಲ್ಲೂ ಕೆಡುವುದಿಲ್ಲ. ಅಮೆರಿಕದ ಕೋರ್ಟಿನಲ್ಲಿ ದಾವೆ ಹೂಡಿ 2013ರಲ್ಲಿ ರಾಜಿಯಾಗುವಷ್ಟು ಕಾರುಗಳಲ್ಲಿ ಕೆಟ್ಟಿತ್ತು, ಅಷ್ಟೆ. ರಾಯರದು ಕೆಟ್ಟಿರಲಿಲ್ಲ. ಅದೇ ಅವರ ಚಿಂತೆ. ಆಯಿಲ್ ಬದಲಿಸಿದಾಗಲೆಲ್ಲ ಹಳೇ ಫಿಲ್ಟರನ್ನು ಬ್ಲೇಡಿನಲ್ಲಿ ಕೊಯ್ದು, ಮಡಿಕೆ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದು, ಲೋಹದ ಚೂರು ಮಿನುಗುತ್ತಿದೆಯೇ ಎಂದು ಜಾತಕ ನೋಡುವವರ ಹಾಗೆ ನೋಡುತ್ತಿದ್ದರು. ಏನೂ ಮಿನುಗದಿದ್ದರೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ.

ಕಡೆಗೆ ಒಂದು ದೀಪಾವಳಿ ರಜೆಯಲ್ಲಿ ಬೇರಿಂಗ್ ಬದಲಿಸಿಯೇ ಬಿಡುವುದೆಂದಾಯಿತು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. “ಹೇಗೂ ಬಿಚ್ಚಿದ್ದೀವಲ್ಲ, ಕ್ಲಚ್ಚೂ ಹೊಸದು ಹಾಕಿಬಿಡೋಣ” ಎಂದರು. ಕ್ಲಚ್ ಬಿಚ್ಚಿದ ಮೇಲೆ ಫ್ಲೈವೀಲ್ ಸುಮ್ಮನೆ ಬಿಡಲಾದೀತೆ? ಅದನ್ನೂ ತೆಗೆದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲು ಕಣ್ಣಿಗೆ ಬಿತ್ತು. ಕಂಡದ್ದನ್ನು ಕಾಣದಂತೆ ಇರುವ ಜಾಯಮಾನ ರಾಯರದಲ್ಲ. ಎಂಜಿನ್ ಮೌಂಟು, ಏರ್ ಆಯಿಲ್ ಸೆಪರೇಟರು, ಕೂಲೆಂಟ್ ಟ್ಯಾಂಕು ಒಂದೊಂದಾಗಿ ಪೆಟ್ಟಿಗೆಯಲ್ಲಿ ಬಂದವು. ಯುಗಾದಿಗೆ ನಾವು ಒಬ್ಬಟ್ಟಿಗೆ ಹೋದಾಗಲೂ ಕಾರು ಜಾಕಿನ ಮೇಲೇ ಇತ್ತು. ದೊಡ್ಡ ಸಾಮಾನನ್ನೆಲ್ಲ ಹೊತ್ತು ತಂದದ್ದು ಸಿಯೆನ್ನಾ. ಪಾಪ, ಅದು ತನಗೆಂದು ಆಯಿಲ್ಲು, ಟೈರು, ಬ್ರೇಕ್ ಪ್ಯಾಡು ಬಿಟ್ಟು ಬೇರೇನೂ ಕೇಳಿಲ್ಲ. ಹಾಗಾಗಿ ರಾಯರಿಗೆ ಅದರ ಮೇಲೆ ಎಳ್ಳಷ್ಟೂ ಗೌರವವಿಲ್ಲ.

ಅದೇ ಹೊತ್ತಿಗೆ ಶಿವಮೊಗ್ಗದಿಂದ ಅವರ ತಂದೆ ಬಂದರು. ಗರಾಜು ನೋಡಿ ಮೊದಲು ಕೇಳಿದ್ದು, “ಯಾಕೋ, ಕೆಲ್ಸ ಗಿಲ್ಸ ಹೋಯ್ತೇನೋ? ಅಮೆರಿಕಾಕ್ಕೆ ಬಂದು ಸೆಕೆಂಡ್‌ಹ್ಯಾಂಡ್ ಕಾರಾ?”

“ಅಪ್ಪ, ಇದು 911. ಎಂಜಿನ್ ಹಿಂದಿನ ಆ್ಯಕ್ಸಲ್‌ಗಿಂತಲೂ ಹಿಂದಿರತ್ತೆ.”

“ಅದರಲ್ಲೇನಿದೆ? ನನ್ನ ಚೇತಕ್‌ಗೂ ಹಿಂದೇನೇ ಇತ್ತು. ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಪಕ್ಕಕ್ಕೆ ಬಗ್ಗಿಸಿ ಒದೀತಿದ್ದೆ. ಇದನ್ನ ಬಗ್ಗಿಸ್ಬೋದಾ?”

ರಾಯರ ಬಳಿ ಟಾರ್ಕ್ ರೆಂಚಿತ್ತು, ಉತ್ತರವಿರಲಿಲ್ಲ.

ಅಂತೂ ಜೋಡಣೆ ಮುಗಿದು ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನದಲ್ಲಿ ಪೂಜೆ. ಗಂಧ ಹಚ್ಚಲು ಬಾನೆಟ್ಟಿನತ್ತ ಬಂದ ಅರ್ಚಕರನ್ನು ರಾಯರು ಕೈಮುಗಿದು ತಡೆದರು: “ಸ್ವಾಮಿ, ಪೇಂಟಿಗೆ ನಿನ್ನೆ ತಾನೇ ವ್ಯಾಕ್ಸ್ ಆಗಿದೆ, ದಯವಿಟ್ಟು ಗಾಜಿಗೆ ಹಚ್ಚಿ.” ನಿಂಬೆಹಣ್ಣು ಟೈರಿನಡಿ ಇಡುವ ಮುನ್ನ ತೊಟ್ಟು ಗಟ್ಟಿಯಿದೆಯೇ ಎಂದು ಮುಟ್ಟಿ ನೋಡಿದರು.

ಮರುದಿನ ಬೆಳಿಗ್ಗೆ ಸ್ಕೈಲೈನ್ ಬುಲವಾರ್ಡಿಗೆ ನನ್ನನ್ನೂ ಕರೆದೊಯ್ದರು. 3.4 ಲೀಟರ್ ಎಂಜಿನ್, ಸುಮಾರು 300 ಅಶ್ವಶಕ್ತಿ, ರೆಡ್‌ವುಡ್ ಮರಗಳ ನಡುವಿನ ತಿರುವು. ನಿಜ ಹೇಳಬೇಕೆಂದರೆ ಆ ತಿರುವುಗಳಲ್ಲಿ ನನಗೂ ಒಂದು ಕೊಳ್ಳುವ ಆಸೆ ಬಂದದ್ದುಂಟು. ಆದರೆ ಹಾಡು ಹಾಕುವಂತಿಲ್ಲ, ಮಾತಾಡುವಂತಿಲ್ಲ. “ಶ್! ಆ ಟಿಕ್ ಟಿಕ್ ಕೇಳ್ತಾ?” ಎಂದರು ಗಾಬರಿಯಲ್ಲಿ. ಅದು ಇಂಡಿಕೇಟರಿನದು.

ಹೆಂಡತಿಯ ಒತ್ತಾಯಕ್ಕೆ ಒಮ್ಮೆ ಮಾರಲೂ ಹೊರಟರು. ಒಬ್ಬ ಹುಡುಗ ಬಂದ. ದುಡ್ಡು ಸಿದ್ಧವಾಗಿಟ್ಟುಕೊಂಡೇ ಬಂದಿದ್ದ. ರಾಯರು ಅವನನ್ನು ಕೂರಿಸಿ, ಕಾಫಿ ಕೊಟ್ಟು, ಬೇರಿಂಗಿನಿಂದ ಆರಂಭಿಸಿ, ಸಿಲಿಂಡರ್ ಗೋಡೆಯ ಗೀರುಗಳನ್ನು ಹಾದು, ಕೂಲೆಂಟ್ ಸೋರಿಕೆಯವರೆಗೆ ವಿವರಿಸಿದರು. ಕೊಯ್ದ ಫಿಲ್ಟರುಗಳ ಫೋಟೊ ತೋರಿಸಿದರು. ಹುಡುಗ ನೇರ ಹೋಗಿ ಹೊಸ ಮಿಯಾಟಾ ಕೊಂಡ.

“ನೋಡ್ದೆಯಾ,” ಎಂದರು ರಾಯರು ಹೆಂಡತಿಗೆ, “ಈ ಕಾಲದಲ್ಲಿ ಕೊಳ್ಳೋರೇ ಇಲ್ಲ ಕಣೇ.”