ಕೆಪಾಸಿಟರ್ ರಾಯರು

ಬೆಂಗಳೂರಿನ ಪೀಣ್ಯದ ಕಡೆ, ಬ್ಯಾಟರಿ ಸ್ಕೂಟರುಗಳ ಮೋಟಾರು ನಡೆಸುವ ಕಂಟ್ರೋಲರುಗಳನ್ನು ಮಾಡುವ ಯಾವ ಸಣ್ಣ ಕಾರ್ಖಾನೆಯನ್ನು ಹೊಕ್ಕರೂ, ಟೆಸ್ಟಿಂಗ್ ಮೇಜಿನ ಹಿಂದೆ ಒಬ್ಬ ಕೆಪಾಸಿಟರ್ ರಾಯರು ವಿರಾಜಮಾನರಾಗಿರುವುದನ್ನು ಕಾಣಬಹುದು. ತಂದೆತಾಯಿಗಳು ಇಟ್ಟ ಹೆಸರು ಬೇರೆ ಇದ್ದೀತು. ಅದು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದಿರುತ್ತದೆ. ಜೇಬಿನಲ್ಲಿ ಟೆಸ್ಟರು, ಮೂಗಿನ ತುದಿಗೆ ಇಳಿದ ಕನ್ನಡಕ, ಖಾನೆಯ ತುಂಬ ಎಸ್.ಪಿ. ರೋಡಿನಿಂದ ತಂದ ಪೊಟ್ಟಣಗಳು, ಇವು ಅವರ ಬಹಿರಂಗ ಲಕ್ಷಣಗಳು. ಅಂತರಂಗದ ಲಕ್ಷಣ ಒಂದೇ: ಸರ್ಕ್ಯೂಟಿಗೆ ಬರಬಹುದಾದ ಸಕಲ ವ್ಯಾಧಿಗಳಿಗೂ ಕೆಪಾಸಿಟರೇ ದಿವ್ಯೌಷಧವೆಂಬ ಅಚಂಚಲ ಶ್ರದ್ಧೆ.

ಈಗ ಅವರ ಮುಂದೆ ಬಂದಿರುವ ರೋಗಿ ಕರೆಂಟು ಅಳೆಯುವ ಆಂಪ್ಲಿಫೈಯರು. ಮೋಟಾರಿನ ಕರೆಂಟು 1 ಮಿಲಿಓಮಿನ ಶಂಟೊಂದರ ಮೂಲಕ ಹಾಯುತ್ತದೆ. 20 ಆಂಪಿಯರ್ ಹರಿದರೆ ಅದರ ತುದಿಗಳ ನಡುವೆ ಹುಟ್ಟುವುದು 20 ಮಿಲಿವೋಲ್ಟ್. ಆಂಪ್ಲಿಫೈಯರು ಅದನ್ನು 50 ಪಟ್ಟು ಹಿಗ್ಗಿಸಿ 1 ವೋಲ್ಟಾಗಿ ಕೊಡಬೇಕು. ಕೊಡುತ್ತದೆ, ಇಲ್ಲವೆನ್ನಲಾಗದು, ಆದರೆ ಸೆಕೆಂಡಿಗೆ 20,000 ಸಲ ಮೋಟಾರಿನ ಕರೆಂಟನ್ನು ಕಡಿದು ಕೂಡಿಸುವ ಪ್ರತಿ ಕ್ಷಣದಲ್ಲಿಯೂ ಸ್ಕೋಪಿನ ಪರದೆಯ ಮೇಲೆ ಒಂದೊಂದು ಮುಳ್ಳು ಎದ್ದು ನಿಲ್ಲುತ್ತದೆ.

ರಾಯರು ಔಟ್‌ಪುಟ್ಟಿಗೆ 0.1 ಮೈಕ್ರೋಫ್ಯಾರಡ್ ಹಚ್ಚಿದರು. ಮುಳ್ಳು ತುಸು ಬಾಗಿತು. ಅದರಿಂದ ಉತ್ತೇಜಿತರಾಗಿ 1, ಬಳಿಕ 10 ಎಂದು ಮಾತ್ರೆಯನ್ನು ಏರಿಸುತ್ತ ಹೋದಂತೆ, ಮುಳ್ಳಿನೊಡನೆ ಸುದ್ದಿಯೂ ಅಡಗಿ, ಕರೆಂಟು ಮಿತಿಮೀರಿದ್ದು ಪ್ರೊಸೆಸರಿಗೆ ತಿಳಿಯುವ ಹೊತ್ತಿಗೆ ಮಾಸ್‌ಫೆಟ್ಟುಗಳೆರಡು ಹೊಗೆಯಾಗಿ ಹೋಗಿದ್ದವು. ಅಷ್ಟಕ್ಕೆ ಎದೆಗುಂದುವ ಜಾಯಮಾನವಲ್ಲ ಅದು. ಐಸಿಯೇ ಡೂಪ್ಲಿಕೇಟೆಂದು ನಿರ್ಣಯಿಸಿ, ಅಂಗಡಿಯವನ ಏಳು ತಲೆಮಾರನ್ನು ಸ್ಮರಿಸಿ, ಬೇರೊಂದು ತರಿಸಿ ಹಾಕಿದರು. ಮುಳ್ಳು ಹಾಗೆಯೇ ಇತ್ತು. ಕಡೆಗೆ ಯಾರೋ ‘ಗ್ರೌಂಡ್ ಸರಿಯಿಲ್ಲವೇನೋ’ ಎಂದದ್ದೇ ತಡ, ಆಳುಗಳನ್ನು ಕರೆಸಿ, ಕಾಂಪೌಂಡಿನ ಮೂಲೆಯ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿಸಿ, ನಾಲ್ಕು ಬಕೆಟ್ ನೀರನ್ನು ಸ್ವಹಸ್ತದಿಂದಲೇ ಸುರಿದರು. ಬ್ಯಾಟರಿಯಿಂದ ನಡೆಯುವ ಬೋರ್ಡಿನೊಳಗಿನ ಮುಳ್ಳಿಗೂ ಆ ಗುಂಡಿಗೂ ಸಂಬಂಧವೇನೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಬೇಸಗೆಯಾದ್ದರಿಂದ ಪಕ್ಕದ ನುಗ್ಗೆಮರಕ್ಕೆ ಮಾತ್ರ ಉಪಕಾರವಾಯಿತು.

ಬೋರ್ಡಿನೊಳಗಿನ ಗ್ರೌಂಡನ್ನು ಅವರು ಶಂಕಿಸದಿದ್ದುದಕ್ಕೆ ಕಾರಣ ಉದಾಸೀನವಲ್ಲ, ಸಿದ್ಧಾಂತ. ಗ್ರೌಂಡಿನ ವಿಷಯದಲ್ಲಿ ರಾಯರು ಶುದ್ಧ ಅದ್ವೈತಿಗಳು. ನಕ್ಷೆಯಲ್ಲಿ ಎಲ್ಲೆಲ್ಲಿಯೂ ಒಂದೇ ಚಿಹ್ನೆಯಿರುವಾಗ, ಇಲ್ಲಿಯ ಸೊನ್ನೆ ಬೇರೆ, ಅಲ್ಲಿಯ ಸೊನ್ನೆ ಬೇರೆ ಎನ್ನುವುದು ಅವರ ದೃಷ್ಟಿಯಲ್ಲಿ ಕೇವಲ ಅಜ್ಞಾನಮೂಲವಾದ ಭೇದಬುದ್ಧಿ. ತಾಮ್ರ ಮಾತ್ರ ದ್ವೈತವನ್ನು ಬಿಟ್ಟುಕೊಡುವುದಿಲ್ಲ. ಬೋರ್ಡಿನ ಮೇಲಣ 35 ಮೈಕ್ರಾನ್ ದಪ್ಪದ ತಾಮ್ರದ ಪಟ್ಟಿ, ಅಗಲದಷ್ಟೇ ಉದ್ದವಿದ್ದರೆ ಸುಮಾರು ಅರ್ಧ ಮಿಲಿಓಮ್; ಅಗಲದ ಎರಡರಷ್ಟು ಉದ್ದವಾದರೆ ಶಂಟಿಗೆ ಸರಿಸಾಟಿ. ಸಾಲದೆಂಬಂತೆ ಅದಕ್ಕೆ ಇಂಡಕ್ಟನ್ಸೂ ಉಂಟು. ಅದು 10 ನ್ಯಾನೋಹೆನ್ರಿಯಷ್ಟೇ ಇದ್ದರೂ, 20 ಆಂಪಿಯರ್ 100 ನ್ಯಾನೋಸೆಕೆಂಡಿನಲ್ಲಿ ಎದ್ದಾಗ ಅಲ್ಲಿ 2 ವೋಲ್ಟ್ ತಲೆಯೆತ್ತುತ್ತದೆ.

ಡಿಪ್ಲೊಮಾ ಮುಗಿಸಿ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು, ರಾಯರು ಊಟಕ್ಕೆ ಹೋದ ವೇಳೆಯಲ್ಲಿ, ಮೊದಲು ಸ್ಕೋಪಿನ ಪ್ರೋಬನ್ನೇ ಪರೀಕ್ಷಿಸಿದಳು. ಅದರ ಮೊನೆಯನ್ನು ಅದರದೇ ಗ್ರೌಂಡ್ ಕ್ಲಿಪ್ಪಿಗೆ ಮುಟ್ಟಿಸಿ ಬೋರ್ಡಿನ ಬಳಿ ಹಿಡಿದರೆ, ಯಾವ ಸಿಗ್ನಲ್ಲೂ ಇಲ್ಲದೆ ಅರ್ಧ ಮುಳ್ಳು ಕಾಣಿಸಿತು: ಆ ಗೇಣುದ್ದದ ಕ್ಲಿಪ್ ವೈರು ತಾನೇ ಆಂಟೆನಾ ಆಗಿತ್ತು. ವೈರನ್ನು ಕಳಚಿ, ಮೊನೆಯ ಪಕ್ಕಕ್ಕೇ ಸಣ್ಣ ಸ್ಪ್ರಿಂಗು ಸಿಕ್ಕಿಸಿದಳು. ಮೋಟಾರನ್ನು ನಿಲ್ಲಿಸಿ, ಆಂಪ್ಲಿಫೈಯರಿನ ಪ್ಲಸ್ ಕಾಲನ್ನು ಬೋರ್ಡಿನಿಂದ ಎತ್ತಿ ಮೈನಸ್ ಕಾಲಿಗೆ ಸೇರಿಸಿ, ಮತ್ತೆ ಓಡಿಸಿದಾಗ ಔಟ್‌ಪುಟ್ಟು ಶಾಂತವಾಯಿತು, ಐಸಿ ನಿರಪರಾಧಿ. ಆಮೇಲೆ ಶಂಟಿನ ಕೆಳತುದಿಗೂ ಮೈನಸ್ ಕಾಲಿಗೂ ನಡುವೆ ಪ್ರೋಬಿಟ್ಟಳು. ನಕ್ಷೆಯಂತೆ ಎರಡೂ ಗ್ರೌಂಡೇ. ಪರದೆಯ ಮೇಲೆ ಮುಳ್ಳುಗಳ ಮೆರವಣಿಗೆ. ಬೋರ್ಡು ಬಿಡಿಸಿದವರು, ಹೇಗೂ ಗ್ರೌಂಡೇ ತಾನೆ ಎಂದು, ಮೈನಸ್ ಕಾಲನ್ನು ಶಂಟಿನವರೆಗೆ ಒಯ್ಯದೆ, ಮೋಟಾರಿನ ಕರೆಂಟೆಲ್ಲ ಮರಳುವ ಪಟ್ಟಿಯ ನಡುವಿಗೆ ತಗುಲಿಸಿದ್ದರು. ಅಳೆಯುವ ದಾರಿ ಬೇರೆ, ಹರಿಯುವ ದಾರಿ ಬೇರೆ ಇರಬೇಕೆಂದು ಲಾರ್ಡ್ ಕೆಲ್ವಿನ್ 19ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದನು. ಪೀಣ್ಯಕ್ಕೆ ಆ ವಾರ್ತೆ ನಿಧಾನವಾಗಿ ಬರುತ್ತಿದೆ. ಹುಡುಗಿ ಬ್ಲೇಡಿನಿಂದ ಆ ಜಾಡನ್ನು ಕೊಯ್ದು, ಶಂಟಿನ ಎರಡು ತುದಿಗಳಿಂದಲೂ ಹೊಸೆದ ಸಣ್ಣ ವೈರುಗಳನ್ನು ನೇರವಾಗಿ ಆಂಪ್ಲಿಫೈಯರಿಗೆ ಬೆಸೆದಳು.

ರಾಯರು ಬಾಯಿ ಒರೆಸಿಕೊಳ್ಳುತ್ತ ಬಂದು, ಪರದೆಯ ಮೇಲಣ ನಿಷ್ಕಳಂಕ ಗೆರೆಯನ್ನು ಕನ್ನಡಕದ ಮೇಲಿಂದಲೂ ಕೆಳಗಿಂದಲೂ ನಿರುಕಿಸಿದರು.

“ನೋಡಿದೆಯೇನಮ್ಮಾ? ನಿನ್ನೆ ಹಾಕಿದ ಕೆಪಾಸಿಟರು ಈಗ ಸೆಟ್ಟಾಯಿತು.”

“ಅದನ್ನು ಬೆಳಗ್ಗೆಯೇ ಕಿತ್ತಿಟ್ಟೆ ಸರ್. ಅಗೋ, ಆ ಡಬ್ಬಿಯ ಮುಚ್ಚಳದಲ್ಲಿದೆ.”

ರಾಯರು ಮುಚ್ಚಳವನ್ನು ನೋಡಿದರು, ಬೋರ್ಡನ್ನು ನೋಡಿದರು, ಕ್ಷಣಕಾಲ ಧ್ಯಾನಸ್ಥರಾದರು.

“ಕಿತ್ತರೇನಂತೆ? ರಾತ್ರಿಯೆಲ್ಲ ಇತ್ತಲ್ಲ. ಗುಣ ಹತ್ತಿದೆ.”