ಕಲ್ಲೋಳಿಯ ಅನಿವಾಸಿ

ಮೂಡಲಗಿ ತಾಲ್ಲೂಕಿನ ಕಲ್ಲೋಳಿಯಂಥ ಕಬ್ಬಿನ ಸೀಮೆಯ ಊರುಗಳಲ್ಲಿ, ಕೋವಿಡ್ ಕಾಲದಿಂದೀಚೆಗೆ, ದೇಹದಿಂದ ಊರಿನಲ್ಲಿದ್ದು, ಸಂಬಳದಿಂದ ಅಮೆರಿಕದಲ್ಲಿದ್ದು, ತೆರಿಗೆಯ ಮಟ್ಟಿಗೆ ಮಾತ್ರ ಎಲ್ಲಿಯೂ ಇಲ್ಲದಿರಲು ಹವಣಿಸುವ ಒಂದು ಹೊಸ ಬಗೆಯ ಗೃಹಸ್ಥನನ್ನು ಕಾಣಬಹುದು. ವರ್ಷಗಟ್ಟಲೆ ಹೊರದೇಶದಲ್ಲಿದ್ದು ಮರಳಿ ಬಂದ ಈತ ಅಲ್ಲಿನ ಕಂಪನಿಯ ಕೆಲಸವನ್ನೇ ಲ್ಯಾಪ್‌ಟಾಪಿನಲ್ಲಿ ಹೊತ್ತು ತಂದಿರುತ್ತಾನೆ. ಅಲ್ಲಿನ ಹಗಲು ಇಲ್ಲಿನ ರಾತ್ರಿಯಾದುದರಿಂದ, ಊರು ಉಂಡು ಮಲಗಿದ ಮೇಲೆ, ಸೊಂಟದ ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಲುಂಗಿ ಉಟ್ಟು ಅವನು ಮಾಳಿಗೆಯ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಮಾತಿಗೆ ತೊಡಗುತ್ತಾನೆ. ಅದನ್ನು ಕೇಳಿದ ನೆರೆಮನೆಯ ಅಜ್ಜಿ ‘ಹುಡುಗಗ ಏನೋ ಬಡದೈತಿ, ಹಣಮಪ್ಪನ ಗುಡಿಗೆ ಕರ್ಕೊಂಡ್ ಹೋಗ್ರಿ’ ಎಂದು ಅವನ ತಾಯಿಗೆ ಸಲಹೆ ಕೊಡುತ್ತಾಳೆ.

ಇವನ ನಿತ್ಯಕರ್ಮವೆಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನಗಳಿಗೆ ಕೆಂಪು ಗೀಟು ಎಳೆಯುವುದು. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿದ್ದವನು ತೆರಿಗೆಯ ದೃಷ್ಟಿಯಲ್ಲಿ ‘ನಿವಾಸಿ’. ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿ ಕಳೆದವನಿಗೆ 60 ದಿನಗಳೇ ಸಾಕು. ಆದರೆ ಪರದೇಶದಿಂದ ಕೇವಲ ಭೇಟಿಗೆ ಬಂದ ಭಾರತೀಯನಿಗೆ ಈ 60ರ ಕಟ್ಟು ಸಡಿಲವಾಗುತ್ತದೆ. ಹಿತ್ತಲಲ್ಲಿ ಎರಡು ಎಮ್ಮೆ ಕಟ್ಟಿ, ಮನೆಗೆ ಹೊಸ ಸ್ಲ್ಯಾಬ್ ಹಾಕಿಸಿ, ಮಗಳನ್ನು ಊರ ಶಾಲೆಗೆ ಸೇರಿಸಿದ ಬಳಿಕವೂ ತಾನು ಭೇಟಿಗೆ ಬಂದವನೆಂದು ಈತ ವಾದಿಸುವುದು ಈ ಸಡಿಲಿಕೆಯ ಆಸೆಯಿಂದಲೇ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವನಿಗೆ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ಮತ್ತೊಂದು ಪದವಿಯೂ ಉಂಟು. ಮನೆ ಅಳಿಯನಂತೆ ಪಂಕ್ತಿಯಲ್ಲಿದ್ದೂ ಲೆಕ್ಕದಲ್ಲಿಲ್ಲದ ಈ ಸ್ಥಿತಿಯಲ್ಲಿ, ಹೊರದೇಶದ ಬ್ಯಾಂಕಿನಲ್ಲಿ ಬೆಳೆಯುವ ಬಡ್ಡಿಗೆ ಇಲ್ಲಿ ತೆರಿಗೆ ಬೀಳುವುದಿಲ್ಲ.

ಆದರೆ ಇಷ್ಟೆಲ್ಲ ಗೀಟು ಎಳೆದರೂ ಸಂಬಳದ ವಿಷಯದಲ್ಲಿ ಫಲ ಬಹಳ ಕಡಿಮೆ. ರೊಕ್ಕ ಕೊಟ್ಟವನು ಯಾವ ದೇಶದವನೆಂಬುದನ್ನಲ್ಲ, ಕೆಲಸ ಎಲ್ಲಿ ಕೂತು ಮಾಡಿದ್ದೆಂಬುದನ್ನೇ ಕಾಯ್ದೆ ನೋಡುತ್ತದೆಯಾದ್ದರಿಂದ, ಕಲ್ಲೋಳಿಯ ಮಾಳಿಗೆಯಲ್ಲಿ ದುಡಿದ ಡಾಲರು ಭಾರತದಲ್ಲಿ ಹುಟ್ಟಿದ ಆದಾಯವೇ ಸರಿ. ಒಂದೇ ಆದಾಯಕ್ಕೆ ಎರಡು ದೇಶಗಳ ತೆರಿಗೆ ಬೀಳದಂತೆ ಭಾರತ ಮತ್ತು ಅಮೆರಿಕ 1989ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಅಲ್ಪಕಾಲ ಬಂದು ಹೋಗುವವರಿಗೆ ರಿಯಾಯಿತಿ ಇದೆ. ಅದು ಅಲ್ಲಿನ ನಿವಾಸಿಯಾಗಿ ಉಳಿದವನಿಗೆ ಸಲ್ಲುತ್ತದೆಯೇ ಹೊರತು ಬಾಡಿಗೆ ಮನೆಯ ಕೀಲಿ ಒಪ್ಪಿಸಿ ಬಂದವನಿಗಲ್ಲ. ‘ಇಲ್ಲೇ ಉಣ್ತಿ, ಇಲ್ಲೇ ಮಲಗ್ತಿ, ಮತ್ತ ಯಾವೂರಾಂವ ನೀ?’ ಎಂದು ಕಟ್ಟೆಯ ಹಿರಿಯರು ಕೇಳುವುದಕ್ಕೂ ಕಾಯ್ದೆ ಹೇಳುವುದಕ್ಕೂ ಹೆಚ್ಚು ಅಂತರವಿಲ್ಲ. ತೆರಿಗೆ ವಿನಾಯಿತಿ ಈ ಊರಿಗೆ ಅಪರಿಚಿತವೇನಲ್ಲ: ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನವೊಂದು ಇಲ್ಲಿನ ಶಾಂತಿನಾಥ ಬಸದಿಗೆ ಸಂದ ದತ್ತಿಯನ್ನು ದಾಖಲಿಸಿದೆ, ಅಂಥ ದತ್ತಿಭೂಮಿಗೆ ಸಾಮಾನ್ಯವಾಗಿ ಕಂದಾಯವಿರಲಿಲ್ಲ, ಆದರೆ ಲ್ಯಾಪ್‌ಟಾಪಿಗೆ ದತ್ತಿ ಬಿಟ್ಟ ಅರಸನಿಲ್ಲ.

ಕಷ್ಟ ಮುಂದಿದೆ. ಭಾರತದ ಕಂಪನಿಯಾದರೆ ಸಂಬಳ ಕೊಡುವಾಗಲೇ ತೆರಿಗೆ ಮುರಿದುಕೊಳ್ಳುತ್ತದೆ. ಇಲ್ಲಿ ಕಚೇರಿಯೇ ಇಲ್ಲದ ಪರದೇಶದ ಧಣಿ ಅದರ ಗೋಜಿಗೆ ಹೋಗುವುದಿಲ್ಲವಾಗಿ, ಜೂನ್, ಸೆಪ್ಟೆಂಬರ್, ಡಿಸೆಂಬರ್ ಹಾಗೂ ಮಾರ್ಚ್ ತಿಂಗಳುಗಳ 15ರೊಳಗೆ ವರ್ಷದ ತೆರಿಗೆಯ ಶೇ 15, 45, 75 ಮತ್ತು 100ರಷ್ಟು ಮುಟ್ಟುವಂತೆ ಕಂತು ಕಟ್ಟುವ ಹೊಣೆ, ಅಂದರೆ ಮುಂಗಡ ತೆರಿಗೆ, ಈತನದೇ ಆಗುತ್ತದೆ. ಪೂರ್ತಿ ಸಂಬಳ ಕೈಗೆ ಬಂತೆಂಬ ಹಿಗ್ಗಿನಲ್ಲಿ ಮೂರು ಕಂತು ಮರೆತು ಗೋಕಾಕದ ಲೆಕ್ಕಪರಿಶೋಧಕನ ಮುಂದೆ ಕೂತಾಗ, ತಪ್ಪಿದ ಕಂತಿಗೆ ತಿಂಗಳಿಗೆ ಶೇ 1ರಂತೆ ಬಡ್ಡಿ ಬೀಳುತ್ತದೆಂದು ತಿಳಿದು ಅವನ ಮುಖ ಬಾಡಿದರೆ, ಖಾಸಗಿ ಸಾಲದ ಬಡ್ಡಿಯಲ್ಲಿ ಜೀವ ಸವೆಸಿದ ಅವನ ತಂದೆ ಮಾತ್ರ ‘ಒಂದ್ ರೂಪಾಯಿ ಬಡ್ಡಿ? ಭಾಳ ಸಸ್ತಾ ಐತಿ, ಇನ್ನಷ್ಟು ಬಾಕಿ ಇಡು’ ಎಂದು ಗಂಭೀರವಾಗಿ ಸೂಚಿಸುತ್ತಾನೆ.

ಕೊನೆಯ ಅಸ್ತ್ರವಾಗಿ ಈತ ತಾನು ರೈತನೆಂದು ಘೋಷಿಸಿ, ಪಾಲಿಗೆ ಬಂದ ಎರಡೆಕರೆ ಕಬ್ಬಿನ ಉತಾರ ಮುಂದಿಡುತ್ತಾನೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂಬುದು ನಿಜ. ಆದರೆ ಅದು 5,000 ರೂಪಾಯಿ ಮೀರಿ, ಉಳಿದ ಆದಾಯವೂ ತೆರಿಗೆಯ ಮಿತಿ ದಾಟಿದ್ದರೆ, ದರ ನಿಗದಿ ಮಾಡುವಾಗ ಕಬ್ಬಿನ ಬಿಲ್ಲನ್ನೂ ಸಂಬಳಕ್ಕೆ ಕೂಡಿಸಿ ಲೆಕ್ಕ ಹಾಕಲಾಗುತ್ತದೆ. ಹೀಗಾಗಿ ಡಾಲರನ್ನು ಕಾಯಲು ಕರೆತಂದ ಕಬ್ಬು ಅದರ ತೆರಿಗೆಯನ್ನೇ ಏರಿಸಿ ಸುಮ್ಮನಾಗುತ್ತದೆ.

ತೆರಿಗೆ ಕಟ್ಟಿದ ಮರುದಿನದಿಂದ ಈತ ಬೇರೆಯೇ ಮನುಷ್ಯ. ಚಲನ್ ಮಡಚಿ ಜೇಬಿನಲ್ಲಿಟ್ಟುಕೊಂಡು ಪಟ್ಟಣ ಪಂಚಾಯಿತಿಗೆ ನಡೆದು, ತಾನು ಈ ದೇಶಕ್ಕೆ ಎಷ್ಟು ಕೊಟ್ಟಿದ್ದೇನೆಂದು ವಿವರಿಸಿ, ತನ್ನ ಓಣಿಯ ಗಟಾರ ಇಂದೇ ತೆಗೆಸಬೇಕೆಂದು ಹಕ್ಕಿನಿಂದ ಕೇಳುತ್ತಾನೆ. ಗುಮಾಸ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ವಹಿ ತಿರುವಿ, ಅವನ ಮನೆಯ ಘರಪಟ್ಟಿ ಮೂರು ವರ್ಷದ್ದು ಬಾಕಿ ಇದೆಯೆಂದು ತಿಳಿಸುತ್ತಾನೆ.